ಹೈವೇಗೆ ಜಮೀನು ಹೋಗ್ತಿದೆಯಾ? ಖಾಲಿ ಕಾಲಂ ಇರುವ ಮಹಜರ್‌ಗೆ ಸೈನ್ ಹಾಕಬೇಡಿ

ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋಗುವವರು ದಯವಿಟ್ಟು ಪೂರ್ತಿ ಓದಿ. ನಮ್ಮ ತೋಟದಲ್ಲಿ 18 ಗುಂಟೆ ಹೋಯಿತು. ಅದರಲ್ಲಿ ಕಾಯಿ ಬಿಡೋ ತೆಂಗಿನ ಮರ 31. ಅವಾರ್ಡ್ (ಪರಿಹಾರ ಎಷ್ಟು ಅಂತ ನಿಗದಿ ಮಾಡೋ ಆದೇಶ) ಪ್ರತಿ ಕೈಗೆ ಬಂತು, ಮರದ ಕಾಲಂನಲ್ಲಿ ಏನಿದೆ ಗೊತ್ತಾ? ‘ಇಲ್ಲ’. ಅಷ್ಟೇ. 31 ಮರ ಇಲ್ಲವಂತೆ!

ಜಂಟಿ ಅಳತೆಗೆ ಬಂದವರೇ ಪ್ರತಿ ಮರಕ್ಕೂ ಕೆಂಪು ಬಣ್ಣದಲ್ಲಿ ನಂಬರ್ ಬರೆದಿದ್ದರು. ಕೊನೇ ಮರಕ್ಕೆ ಬಣ್ಣ ಸಾಲದೆ 3 ಮಾತ್ರ ಬಿದ್ದಿದೆ, ಇವತ್ತಿಗೂ ಹಾಗೇ ಇದೆ. ಆಮೇಲೆ ಜೀಪಿನ ಬಾನೆಟ್ ಮೇಲೆ ಮಹಜರ್ ಇಟ್ಟರು, ಅಂದರೆ ಸ್ಥಳದಲ್ಲಿ ಏನೇನಿದೆ ಅಂತ ಬರೆಯೋ ದಾಖಲೆ. ಮರದ ಕಾಲಂ ಖಾಲಿ. ಕೇಳಿದೆ. ಕೇಳದೆ ಬಿಟ್ಟಿಲ್ಲ ನಾನು. “ಅದನ್ನ ತೋಟಗಾರಿಕೆಯವರು ಬಂದು ತುಂಬ್ತಾರೆ ಸಾರ್, ಇದು ಬರೀ ಅಳತೆಗೆ” ಅಂದರು. ಅಣ್ಣ ಸೈನ್ ಹಾಕಿದ, ನಾನೂ ಹಾಕಿದೆ. ತೋಟಗಾರಿಕೆಯವರು ಬರಲೇ ಇಲ್ಲ.

ಭೂಸ್ವಾಧೀನ ಕಚೇರಿಗೆ ಹೋದರೆ ಕೇಸ್ ವರ್ಕರ್ ತಲೆ ಎತ್ತದೆ ಹೇಳಿದ್ದು: “ಪಹಣೀಲಿ ರಾಗಿ ಅಂತಿದೆ. ತೆಂಗು ಎಲ್ಲಿಂದ ಬಂತು?” ಫೋಟೋ ತೋರಿಸಿದೆ. “ಇದು ಯಾರ ತೋಟಾನೋ ಯಾರಿಗೆ ಗೊತ್ತು?” ಬಂದು ನೋಡಿ ಅಂದೆ. “ಮಹಜರಲ್ಲಿ ನಿಮ್ಮದೇ ಸೈನ್ ಇದೆಯಲ್ಲಾ ಸ್ವಾಮಿ. ಅವಾರ್ಡ್ ಆಗೋಗಿದೆ, ನಮ್ಮ ಕೈಲಿಲ್ಲ.” ಹಿಂದೆ ಕ್ಯೂನಲ್ಲಿ ನಿಂತಿದ್ದವರು ಕಿಸಕ್ಕಂತ ನಕ್ಕರು. ಮೈ ಉರಿದುಹೋಯಿತು.

ಇದು ಸಣ್ಣ ದುಡ್ಡಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದ ಲೆಕ್ಕ 2015ರಿಂದ ಹೆದ್ದಾರಿಗೂ ಅನ್ವಯಿಸುತ್ತದೆ. ಜಮೀನು, ಮರ, ಬೋರ್‌ವೆಲ್, ಕಟ್ಟಡ ಎಲ್ಲಾ ಸೇರಿಸಿ, ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ (ಅಷ್ಟೇ ಮೊತ್ತದ ಹೆಚ್ಚುವರಿ ಪರಿಹಾರ) ಕೊಡಬೇಕು. ಅಂದರೆ ಒಂದು ಮರ ಬಿಟ್ಟುಹೋದರೆ ಎರಡು ಮರದ ದುಡ್ಡು ಹೋಯಿತು.

ಇನ್ನೊಂದು ಕೇಳಿ. ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಗಂಟು ಬಿದ್ದ. “ನೂರಕ್ಕೆ ಹತ್ತು ಕೊಡಿ, ಮರ ಸೇರಿಸಿಕೊಡ್ತೀನಿ” ಅಂದ. ನಾನು ಹೆಸರೂ ಹೇಳಿರಲಿಲ್ಲ, ಅವನಿಗೆ ನಮ್ಮ ಸರ್ವೆ ನಂಬರ್ ಬಾಯಿಪಾಠ! ಅಲ್ಲಿಗೆ ಅರ್ಥವಾಯಿತು.

ಗೆಜೆಟ್‌ನಲ್ಲಿ ನಿಮ್ಮ ಸರ್ವೆ ನಂಬರ್ ಬಂದ ದಿನವೇ ಪಹಣಿಯ ಬೆಳೆ ಕಾಲಂ ನೋಡಿ, ತಪ್ಪಿದ್ದರೆ ತಿದ್ದಿಸಿ. ತಕರಾರಿಗೆ ಇರುವುದು 21 ದಿನ ಮಾತ್ರ. ಅಳತೆ ದಿನ ವಿಡಿಯೋ ಮಾಡಿ, ಸೈನ್ ಕೇಳಿದರೆ ಖಾಲಿ ಕಾಲಂ ತುಂಬಿಸಿಯೇ ಹಾಕಿ, ಅಲ್ಲೇ ಪ್ರತಿ ಇಸ್ಕೊಳ್ಳಿ. ‘ಆಮೇಲೆ ತುಂಬ್ತೀವಿ’ ಅನ್ನೋರನ್ನ ನಂಬಲೇಬೇಡಿ. ಅವಾರ್ಡ್ ಆಗಿಹೋಗಿದ್ದರೆ, ಆಕ್ಷೇಪಣೆ ಇದೆ ಅಂತ ಬರೆದುಕೊಟ್ಟೇ ದುಡ್ಡು ತಗೊಳ್ಳಿ, ಆರ್ಬಿಟ್ರೇಷನ್‌ಗೆ (ಪರಿಹಾರದ ತಕರಾರು ತೀರ್ಮಾನ ಮಾಡೋ ಮಧ್ಯಸ್ಥಿಕೆ) ಹಾಕಿ. ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಆರ್ಬಿಟ್ರೇಟರ್. ನಾವೂ ಹಾಕಿದ್ದೇವೆ. ಮರ ಕಡಿಯೋಕೆ ಮುಂಚೆ ತೋಟಗಾರಿಕೆ ಇಲಾಖೆಯವರನ್ನ ಕರೆಸಿ ಎಣಿಸಿಬಿಡಿ, ಕಡಿದ ಮೇಲೆ ಯಾರೂ ಬರಲ್ಲ.