ತಲೆಯ ಸೋರಿಯಾಸಿಸ್: ಸ್ಟಿರಾಯ್ಡ್ ಲೋಷನ್ನಾ, ಕ್ಯಾಲ್ಸಿಪೊಟ್ರಿಯಾಲಾ, ಕೋಲ್ ಟಾರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೋಲ್ ಟಾರ್ ಮುಲಾಮಿಗೆ. ಕೋಲ್ ಟಾರ್, ಸ್ಯಾಲಿಸಿಲಿಕ್ ಆಸಿಡ್, ಕೊಬ್ಬರಿ ಎಣ್ಣೆ ಮೂರೂ ಸೇರಿದ ಟ್ಯೂಬ್ ಅದು. ವಾಸನೆ ಇದೆ, ಜಿಡ್ಡು ಇದೆ, ತೊಳೆಯುವುದು ದೊಡ್ಡ ಕೆಲಸ. ಆದರೂ ಬೈತಲೆ ತೆಗೆದರೆ ಸಾಕು ದಪ್ಪ ಬಿಳಿ ಪದರ ಕಾಣುತ್ತಿದ್ದ ನನ್ನ ತಲೆಗೆ ನಿಜವಾದ ನೆಮ್ಮದಿ ಕೊಟ್ಟದ್ದು ಇದೇ. ಕಪ್ಪು ಬಟ್ಟೆ ಮತ್ತೆ ಹಾಕಿಕೊಳ್ಳುತ್ತಿದ್ದೇನೆ.

ಸೋರಿಯಾಸಿಸ್ ಇರುವವರಿಗೆ ಇದು ಬರೀ ಹೊಟ್ಟಲ್ಲ ಅಂತ ಗೊತ್ತು. ಚರ್ಮದ ಜೀವಕೋಶ ಹುಟ್ಟಿ, ಮೇಲೆ ಬಂದು, ಉದುರಲು ಸಾಮಾನ್ಯವಾಗಿ ಒಂದು ತಿಂಗಳಷ್ಟು ಬೇಕು. ನಮ್ಮಲ್ಲಿ ಅದು 3ರಿಂದ 5 ದಿನದಲ್ಲೇ ಮೇಲೆ ಬಂದುಬಿಡುತ್ತದೆ, ಉದುರುವುದಕ್ಕೆ ಮೊದಲೇ ಇನ್ನೊಂದು ಪದರ ಕೂರುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ಕಾರಣವಿಲ್ಲದೆ ಚರ್ಮದಲ್ಲಿ ಉರಿಯೂತ ಎಬ್ಬಿಸುವುದರಿಂದ ಹೀಗಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಬಾಚಣಿಗೆ ಹಂಚಿಕೊಂಡರೂ ಬರುವುದಿಲ್ಲ. ಹಾಗೆಯೇ ಪೂರ್ತಿ ವಾಸಿ ಮಾಡುವ ಔಷಧಿಯೂ ಇನ್ನೂ ಇಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬೇಕು ಅಷ್ಟೇ. ಹಾಗಾಗಿ ಯಾವುದನ್ನು ವರ್ಷಾನುಗಟ್ಟಲೆ ಹಚ್ಚಿಕೊಂಡು ಇರಬಹುದು ಅನ್ನುವುದೇ ನನ್ನ ಲೆಕ್ಕ.

ವೇಗದಲ್ಲಿ ಗೆಲ್ಲುವುದು ಸ್ಟಿರಾಯ್ಡ್ ಲೋಷನ್. ನನಗೆ ಬರೆದುಕೊಟ್ಟದ್ದು ಕ್ಲೊಬೆಟಾಸಾಲ್. ನೀರಿನಷ್ಟು ತೆಳು, ಕೂದಲಿಗೆ ಅಂಟುವುದಿಲ್ಲ, ರಾತ್ರಿ ನಿದ್ದೆ ಕೆಡಿಸುವ ತುರಿಕೆ ಕೆಲವೇ ದಿನಕ್ಕೆ ನಿಂತಿತು. ಆದರೆ ಹಚ್ಚುವ ಸ್ಟಿರಾಯ್ಡ್‌ಗಳಲ್ಲೇ ತುಂಬಾ ಪ್ರಬಲವಾದದ್ದು ಇದು. ಸಾಮಾನ್ಯವಾಗಿ 2ರಿಂದ 4 ವಾರ ಅಂತ ಬರೆದುಕೊಡುತ್ತಾರೆ. ಅದಕ್ಕಿಂತ ಎಳೆದರೆ ಚರ್ಮ ತೆಳ್ಳಗಾಗಬಹುದು, ತಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿಯಾಗಿ ಮರಳಬಹುದು. ನನಗೆ ಸಿಟ್ಟು ಬರುವುದು ಏನಕ್ಕೆ ಅಂದರೆ, ಚೀಟಿಯ ಅವಧಿ ಮುಗಿದ ಮೇಲೂ ಮೆಡಿಕಲ್ ಶಾಪಿನಲ್ಲಿ ಹಳೇ ಬಾಟಲಿ ತೋರಿಸಿದರೆ ಸಾಕು, ಹೊಸದು ಕೈಗೆ ಬರುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಕೇಳುವವರು ಯಾರು?

ಕ್ಯಾಲ್ಸಿಪೊಟ್ರಿಯಾಲ್ ವಿಟಮಿನ್ ಡಿ ಜಾತಿಯ ಔಷಧಿ. ವಾಸನೆ ಇಲ್ಲ, ಕಲೆ ಇಲ್ಲ. ಫಲ ಕಾಣಲು ವಾರಗಟ್ಟಲೆ ಬೇಕು, ನನಗೆ ಹಣೆಯ ಅಂಚಿನಲ್ಲಿ ಉರಿಯಿತು, ಬೆಲೆಯೂ ಮಿಕ್ಕ ಎರಡಕ್ಕಿಂತ ಎಷ್ಟೋ ಜಾಸ್ತಿ. ಸ್ಯಾಲಿಸಿಲಿಕ್ ಆಸಿಡ್ ತಾಗಿದರೆ ಇದರ ಶಕ್ತಿಯೇ ಹೋಗುತ್ತದೆ, ಆದ್ದರಿಂದ ಟಾರ್ ಮುಲಾಮಿನ ಜೊತೆ ಬೆರೆಸುವ ಹಾಗಿಲ್ಲ.

ಇನ್ನು ಟಾರ್. ಕಲ್ಲಿದ್ದಲಿನಿಂದ ಬರುವ ಈ ಔಷಧಿ ತುಂಬಾ ಹಳೆಯದು. 1925ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಗೋಕರ್‌ಮನ್ ಎಂಬ ಡಾಕ್ಟರ್ ಟಾರ್ ಹಚ್ಚಿ ನೇರಳಾತೀತ ಬೆಳಕು ಬಿಡುವ ಚಿಕಿತ್ಸೆ ಶುರು ಮಾಡಿದ್ದರು. ಟಾರ್ ಜೀವಕೋಶಗಳ ಓಟವನ್ನು ನಿಧಾನಿಸುತ್ತದೆ, ಸ್ಯಾಲಿಸಿಲಿಕ್ ಆಸಿಡ್ ಗಟ್ಟಿ ಪದರವನ್ನು ಸಡಿಲ ಮಾಡುತ್ತದೆ, ಕೊಬ್ಬರಿ ಎಣ್ಣೆ ನೆನೆಸುತ್ತದೆ. ಕ್ಯಾನ್ಸರ್ ಬರುತ್ತದೆ ಅಂತ ಹೆದರಿಸುವವರಿದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸೋರಿಯಾಸಿಸ್ ಮತ್ತು ಎಕ್ಸಿಮಾ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಟಾರ್ ಹಚ್ಚಿದವರಿಗೆ ಅಪಾಯ ಹೆಚ್ಚಿದ್ದು ಕಂಡಿಲ್ಲ. ಗರ್ಭಿಣಿಯರು ಮಾತ್ರ ಡಾಕ್ಟರ್ ಕೇಳದೆ ಮುಟ್ಟಬಾರದು.

ತಲೆನೋವಿನ ವಿಷಯ ತೊಳೆಯುವುದು. ನನ್ನದು ಸೊಂಟದವರೆಗಿನ ಕೂದಲು, ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ನೀರು. ಗಡಸು ನೀರಲ್ಲಿ ಶಾಂಪೂ ನೊರೆಯೇ ಏಳುವುದಿಲ್ಲ, ಅದರ ಮೇಲೆ ಈ ಜಿಡ್ಡು. ಎರಡು ಸಲ ಶಾಂಪೂ ಹಾಕಿದರೂ ಮಧ್ಯಾಹ್ನದ ಹೊತ್ತಿಗೆ ಬುಡದಲ್ಲಿ ಕೂದಲು ಗುಂಪು ಗುಂಪಾಗಿ ಅಂಟಿಕೊಳ್ಳುತ್ತಿತ್ತು, ಆಫೀಸಿನ ಎಸಿಯಲ್ಲಿ ಕೂತರೆ ಹೊಸದಾಗಿ ಡಾಂಬರು ಹಾಕಿದ ರಸ್ತೆ ಪಕ್ಕ ನಿಂತಂಥ ವಾಸನೆ ನನಗೇ ಬರುತ್ತಿತ್ತು, ಪಕ್ಕದವರಿಗೆ ಬರುವುದಿಲ್ಲವಾ? ಸೀಗೆಪುಡಿ ಹಾಕಿ ನೋಡಿದೆ. ಜಿಡ್ಡು ಹೋಯಿತು, ಆದರೆ ಪುಡಿಯ ತರಿ ಉಜ್ಜಿ ನೆತ್ತಿ ಕೆಂಪಾಯಿತು. ಸೋರಿಯಾಸಿಸ್ ಇರುವ ಚರ್ಮಕ್ಕೆ ಗೀರು ಬಿದ್ದರೆ ಅದೇ ಜಾಗದಲ್ಲಿ ಹೊಸ ಪದರ ಏಳುವುದುಂಟು, ಇದನ್ನು ಕೋಬ್ನರ್ ಲಕ್ಷಣ ಅನ್ನುತ್ತಾರೆ. ಉಗುರಿನಲ್ಲಿ ಕೆರೆದು, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಬ್ಬಿಸಿ ಪದರ ತೆಗೆಯಬೇಡಿ ಅನ್ನುವುದೂ ಇದಕ್ಕೇ.

ಕೊನೆಗೆ ಕೆಲಸ ಮಾಡಿದ್ದು ಸರಳ ಉಪಾಯ. ನೀರು ಹಾಕುವುದಕ್ಕೆ ಮೊದಲೇ, ಒಣ ಕೂದಲಿಗೇ ಶಾಂಪೂ ಹಚ್ಚಿ ಬುಡದಲ್ಲಿ ಬೆರಳ ತುದಿಯಿಂದ ಮೆಲ್ಲಗೆ ಆಡಿಸಬೇಕು. ಜಿಡ್ಡು ಮೊದಲು ಶಾಂಪೂವಿಗೆ ಸೇರಿಕೊಳ್ಳುತ್ತದೆ, ಆಮೇಲೆ ನೀರು ಹಾಕಿದರೆ ಜೊತೆಗೇ ಹೋಗುತ್ತದೆ. ಕೊನೆಯ ಚೊಂಬು ನೀರು ಕುಡಿಯುವ ಫಿಲ್ಟರಿನದು. ಮುಲಾಮನ್ನೂ ಕೂದಲಿಗೆ ಮೆತ್ತದೆ, ಬೈತಲೆ ಬೈತಲೆ ಬಿಡಿಸಿ ಪದರದ ಮೇಲಷ್ಟೇ ಹಚ್ಚುತ್ತೇನೆ. ಶನಿವಾರ ರಾತ್ರಿ ಹಚ್ಚಿ, ದಿಂಬಿಗೆ ಹಳೇ ಪಂಚೆ ಸುತ್ತಿ ಮಲಗಿದರೆ ಭಾನುವಾರ ತಲೆಸ್ನಾನ. ಟಾರ್ ಇದ್ದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಅವತ್ತು ಹೊರಗೆ ಹೋದರೆ ತಲೆ ಮೇಲೆ ಸೆರಗು ಅಥವಾ ಕೊಡೆ ಇರಲಿ.

ಎಲ್ಲರಿಗೂ ಇದೇ ಸರಿ ಅನ್ನಲಾರೆ. ನಮ್ಮ ದೊಡ್ಡಮ್ಮನಿಗೂ ಸೋರಿಯಾಸಿಸ್ ಇದೆ, ಇದು ವಂಶದಲ್ಲಿ ಬರುವುದುಂಟಲ್ವಾ. ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ, ಟಾರ್ ಹಚ್ಚಿದರೆ ಹಳದಿ ಬಣ್ಣ ಹಿಡಿಯುತ್ತದೆ. ಅವರಿಗೆ ದುಡ್ಡು ಜಾಸ್ತಿಯಾದರೂ ಕ್ಯಾಲ್ಸಿಪೊಟ್ರಿಯಾಲೇ ವಾಸಿ. ದಿನಾ ಬೆಳಗ್ಗೆ ತಲೆಸ್ನಾನ ಮಾಡುವ ಗಿಡ್ಡ ಕೂದಲಿನವರಿಗೆ ಟಾರ್ ಶಾಂಪೂವೇ ಸಾಕಾಗಬಹುದು. ಬೆಳಗ್ಗೆ ಎದ್ದಾಗ ಬೆರಳ ಕೀಲು ಬಿಗಿಯಾಗಿ ನೋಯುತ್ತಿದ್ದರೆ, ಉಗುರಲ್ಲಿ ಚುಕ್ಕಿ ಚುಕ್ಕಿ ಗುಳಿ ಬಿದ್ದಿದ್ದರೆ ಈ ಮೂರರ ಹೋಲಿಕೆ ಬಿಟ್ಟು ಮೊದಲು ಡಾಕ್ಟರ್ ನೋಡಿ, ಸೋರಿಯಾಸಿಸ್ ಕೀಲಿಗೂ ಇಳಿಯುತ್ತದೆ.

ನನ್ನ ಕಪಾಟಿನಲ್ಲಿ ಕ್ಲೊಬೆಟಾಸಾಲ್ ಬಾಟಲಿಯೂ ಇದೆ. ಡಿಸೆಂಬರ್ ಚಳಿಗೆ ನೆತ್ತಿ ಕೆರಳಿದಾಗ, ಡಾಕ್ಟರಿಗೆ ಫೋನ್ ಮಾಡಿ ಎಷ್ಟು ದಿನ ಅಂತ ಕೇಳಿಕೊಂಡ ಮೇಲೇ ಅದರ ಮುಚ್ಚಳ ತೆಗೆಯುವುದು.