ಪೀಣ್ಯಕ್ಕೆ ಬೈಕು, ಬೊಮ್ಮಸಂದ್ರಕ್ಕೆ ಮೆಟ್ರೋ: ಎರಡರಲ್ಲೂ ಓಡಾಡಿ ನೋಡಿದ ಲೆಕ್ಕ

ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಸಿಎನ್‌ಸಿ ಯಂತ್ರಗಳಿಗೆ ಬೇಕಾದ ಇನ್ಸರ್ಟ್ (ಲೋಹ ಕತ್ತರಿಸುವ ಚಿಕ್ಕ ಅಲಗು), ಡ್ರಿಲ್, ತಂಪು ಮಾಡುವ ಕೂಲೆಂಟ್ ಎಣ್ಣೆ ಮಾರುವುದು ನನ್ನ ಕೆಲಸ. ಮನೆ ಬೆಂಗಳೂರಿನ ಬನಶಂಕರಿಯಲ್ಲಿ, ಗಿರಾಕಿಗಳು ಮಾತ್ರ ಊರಿನ ಎರಡು ತುದಿಗಳಲ್ಲಿ, ಅರ್ಧದಷ್ಟು ಜನ ಪೀಣ್ಯದಲ್ಲಿ, ಉಳಿದವರು ಬೊಮ್ಮಸಂದ್ರದಲ್ಲಿ. ಕಂಪನಿಗೆ ದಿನಕ್ಕೆ ಹತ್ತು ಭೇಟಿ ಬೇಕು, ಒಂದೊಂದಕ್ಕೂ ಸ್ಥಳದ ಗುರುತಿರುವ ಫೋಟೋ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರರ ಮೊದಲ ಕರೆ ಬರುತ್ತದೆ. ತಿಂಗಳ ಕೊನೆಯ ವಾರದಲ್ಲಿ ರಾತ್ರಿ ಒಂಬತ್ತಕ್ಕೂ ಬರುತ್ತದೆ.

ನಾಲ್ಕು ವರ್ಷ ಬೈಕಿನಲ್ಲೇ ಸುತ್ತಿದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ ಶುರುವಾದ ಮೇಲೆ, ಒಂದು ತಿಂಗಳು ಬೈಕನ್ನು ಮನೆಯಲ್ಲೇ ನಿಲ್ಲಿಸಿ ನೋಡಿದೆ.

ಮೊದಲು ದುಡ್ಡಿನ ಮಾತು. ಕಂಪನಿ ಕಿಲೋಮೀಟರಿಗೆ ಮೂರು ರೂಪಾಯಿ ಕೊಡುತ್ತದೆ. ನನ್ನ ಬೈಕು ಲೀಟರಿಗೆ ನಲವತ್ತೈದು ಕಿಲೋಮೀಟರ್ ಓಡುತ್ತದೆ, ಪೆಟ್ರೋಲ್ ನೂರು ರೂಪಾಯಿ ದಾಟಿದೆ. ಹಾಗಾಗಿ ಎರಡು ಕಾಲು ರೂಪಾಯಿ ಟ್ಯಾಂಕಿಗೇ ಹೋಗುತ್ತದೆ. ಮಿಕ್ಕ ಮುಕ್ಕಾಲು ರೂಪಾಯಿಯಲ್ಲಿ ಟೈರು, ಸರ್ವಿಸ್, ವಿಮೆ ಎಲ್ಲ ಆಗಬೇಕು, ಆಗುವುದಿಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರವೂ ಏರಿ, ಗರಿಷ್ಠ 60 ರೂಪಾಯಿ ಇದ್ದದ್ದು 90 ಆಯಿತು. ಅದರ ಮೇಲೆ ಆಟೋ ಖರ್ಚು ಸೇರಿದರೆ ಮೆಟ್ರೋ ಅಗ್ಗವೇನಲ್ಲ. ದುಡ್ಡಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ಸಮಯದ ಮಾತು ಬೇರೆ. ಬೊಮ್ಮಸಂದ್ರಕ್ಕೆ ಬೆಳಗಿನ ಹೊತ್ತು ಬೈಕಿನಲ್ಲಿ ಒಂದೂಕಾಲು ಗಂಟೆ ಹಿಡಿಯುತ್ತಿತ್ತು, ಅದರಲ್ಲಿ ಸಿಲ್ಕ್ ಬೋರ್ಡ್ ಒಂದೇ ಇಪ್ಪತ್ತು ನಿಮಿಷ ನುಂಗುತ್ತಿತ್ತು. ಈಗ ಬನಶಂಕರಿಯಿಂದ ಒಂದೇ ನಿಲ್ದಾಣ ಹೋಗಿ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರೆ ಸಾಕು. ಶುರುವಿನಲ್ಲಿ ಮೂರೇ ರೈಲುಗಳಿದ್ದು ಇಪ್ಪತ್ತೈದು ನಿಮಿಷಕ್ಕೊಂದು ಬರುತ್ತಿತ್ತು. ಒಂದು ತಪ್ಪಿದರೆ ಮೊದಲ ಭೇಟಿಯೇ ಹೋದಂತೆ. ಆದರೂ ಇಳಿಯುವಾಗ ಅಂಗಿ ಒಣಗಿರುತ್ತಿತ್ತು, ಗಿರಾಕಿಯ ಹಳೆಯ ಬಿಲ್ಲುಗಳನ್ನೆಲ್ಲ ದಾರಿಯಲ್ಲೇ ಓದಿ ಮುಗಿಸಿರುತ್ತಿದ್ದೆ. ಎರಡನೆಯ ವಾರ ಒಬ್ಬ ಯಜಮಾನರು, "ಏನಪ್ಪಾ, ಇವತ್ತು ಅವಸರವಿಲ್ಲವೇ? ಕೂತು ಕಾಫಿ ಕುಡಿ" ಎಂದರು. ಅವರ ಯಂತ್ರದಲ್ಲಿ ಇನ್ಸರ್ಟಿನ ಅಂಚು ಪದೇ ಪದೇ ಒಡೆಯುತ್ತಿದ್ದ ವಿಷಯ ಆ ಕಾಫಿಯ ಹೊತ್ತಿನಲ್ಲಿ ಹೊರಗೆ ಬಂತು. ನಾಲ್ಕು ವರ್ಷಗಳಲ್ಲಿ ಅವರ ಬಾಗಿಲಲ್ಲಿ ಹೆಲ್ಮೆಟ್ ಹಿಡಿದುಕೊಂಡೇ ನಿಂತು ಹೊರಟುಬಿಟ್ಟಿದ್ದೆ.

ಆ ತಿಂಗಳು ದಿನಕ್ಕೆ ಆರೇಳು ಭೇಟಿಗಳಷ್ಟೇ ಆದವು. ಆರ್ಡರ್ ಮಾತ್ರ ಹಿಂದಿನ ತಿಂಗಳಿಗಿಂತ ಕಡಿಮೆಯಾಗಲಿಲ್ಲ, ಬಾಕಿ ವಸೂಲಿ ಹೆಚ್ಚಾಯಿತು. ಆದರೂ ತಿಂಗಳ ಸಭೆಯಲ್ಲಿ ಪರದೆಯ ಮೇಲೆ ನನ್ನ ಹೆಸರು ಕೆಂಪು ಬಣ್ಣದಲ್ಲಿ ಬಂತು, ಫೋಟೋಗಳು ಸಾಲದೆಂದು. ಹತ್ತು ಫೋಟೋಗಳಿಗೆ ಬೈಕೇ ಬೇಕು. ಇದು ಅನ್ಯಾಯವೆಂದು ಅಲ್ಲೇ ಹೇಳಿದೆ, ಈಗಲೂ ಹೇಳುತ್ತೇನೆ. ನಮ್ಮ ತಂಡದ ಹುಡುಗನೊಬ್ಬ ಗೊರಗುಂಟೆಪಾಳ್ಯದ ಹತ್ತಿರ ಬೈಕ್ ಓಡಿಸುತ್ತಲೇ ಮ್ಯಾನೇಜರರ ಕರೆ ತೆಗೆದುಕೊಂಡು, ಬಿದ್ದು, ಕತ್ತಿನ ಕೆಳಗಿನ ಮೂಳೆ ಮುರಿದುಕೊಂಡ. ಅಂದು ಅವನಿಗೆ ಒಂಬತ್ತು ಭೇಟಿಗಳಾಗಿದ್ದವು.

ಪೀಣ್ಯದಲ್ಲಿ ಮಾತ್ರ ಮೆಟ್ರೋ ಸೋತಿತು. ಹಸಿರು ಮಾರ್ಗ ನೇರವಾಗಿ ಪೀಣ್ಯ ಇಂಡಸ್ಟ್ರಿ ನಿಲ್ದಾಣಕ್ಕೆ ಒಯ್ಯುತ್ತದೆ, ಮುಕ್ಕಾಲು ಗಂಟೆಯೊಳಗೆ. ಆದರೆ ನಿಲ್ದಾಣವಿರುವುದು ತುಮಕೂರು ರಸ್ತೆಯ ಮೇಲೆ, ವರ್ಕ್‌ಶಾಪುಗಳಿರುವುದು ಕೈಗಾರಿಕಾ ಪ್ರದೇಶದ ಒಳಗಿನ ಹಂತಗಳಲ್ಲಿ (ಸ್ಟೇಜುಗಳಲ್ಲಿ). ಆ ಚಿಕ್ಕ ದೂರಕ್ಕೆ ಆಟೋದವರು ಒಪ್ಪುವುದಿಲ್ಲ, ಒಪ್ಪಿದವರು ಮೀಟರ್ ಹಾಕುವುದಿಲ್ಲ. ಕೂಲೆಂಟ್ ಕ್ಯಾನ್ ಹೊತ್ತು ಲಾರಿಗಳ ನಡುವೆ ಎರಡು ಕಿಲೋಮೀಟರ್ ನಡೆದ ದಿನ ಭುಜ ಇಳಿದುಹೋಯಿತು. ಬಿಎಂಟಿಸಿ ಬಸ್ಸಿನ ದಿನದ ಪಾಸನ್ನೂ ಮೂರು ದಿನ ಪ್ರಯತ್ನಿಸಿದೆ. ಖರ್ಚು ಎಲ್ಲಕ್ಕಿಂತ ಕಡಿಮೆ, ಆದರೆ ಗಿರಾಕಿಗೆ ಕೊಟ್ಟ ಸಮಯವನ್ನು ಒಂದು ದಿನವೂ ಉಳಿಸಿಕೊಳ್ಳಲಾಗಲಿಲ್ಲ.

ಈಗ ವಾರದಲ್ಲಿ ಮೂರು ದಿನ ಬೈಕಿನಲ್ಲಿ ಪೀಣ್ಯ, ಎರಡು ದಿನ ಮೆಟ್ರೋದಲ್ಲಿ ಬೊಮ್ಮಸಂದ್ರ. ಶನಿವಾರ ವಸೂಲಿ ಎಲ್ಲಿದೆಯೋ ಅಲ್ಲಿಗೆ. ಬೈಕ್ ಹತ್ತಿದಾಗ ಮೊಬೈಲನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯುತ್ತೇನೆ. ಇದನ್ನು ಮ್ಯಾನೇಜರರಿಗೂ ತಿಳಿಸಿದ್ದೇನೆ: ಒಂಬತ್ತರ ಕರೆಗೆ ಉತ್ತರ ಗಾಡಿ ನಿಲ್ಲಿಸಿದ ಮೇಲೆಯೇ.