ಡೆಮೊ ರೂಮಿನಲ್ಲಿ ವಾಲ್ಯೂಮ್ ನಂಬರ್ ನೋಡಿ, ಹೈ-ಫೈ ಸ್ಪೀಕರ್ ಕೊಳ್ಳುವವರೇ

ಹಬ್ಬದ ಆಫರ್‌ನಲ್ಲಿ ಒಳ್ಳೆ ಸ್ಪೀಕರ್ ತರೋಣ ಅಂತ ಹೊರಟಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಡೆಮೊ ಕೊಡುವಾಗ ಸ್ಪೀಕರ್ ಕಡೆ ನೋಡಬೇಡಿ. ಆಂಪ್ಲಿಫೈಯರ್ ಮೇಲಿನ ನಂಬರ್ ನೋಡಿ. ಆ ನಂಬರಿನಲ್ಲೇ ನನಗೆ ಟೋಪಿ ಹಾಕಿದ್ದು.

ಬೆಂಗಳೂರಿನ ಒಂದು ಶೋರೂಮ್, ಹೆಸರು ಬೇಡ. ನಮ್ಮ ರೂಮು 10 ಅಡಿಗೆ 12 ಅಡಿ, ಮನೆಯಲ್ಲಿರುವುದು 40 ವಾಟ್‌ನ ಹಳೇ ಆಂಪ್ಲಿಫೈಯರ್, ಅಪ್ಪ ಕೇಳುವುದು ದೊರೆಸ್ವಾಮಿ ಅಯ್ಯಂಗಾರರ ವೀಣೆ, ಭೀಮಸೇನ ಜೋಶಿಯವರ ಗಾಯನ. ಇಷ್ಟನ್ನೂ ಹೋದ ತಕ್ಷಣ ಹೇಳಿದ್ದೆ. ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್, ಅಂದರೆ ಸ್ಟ್ಯಾಂಡ್ ಮೇಲೆ ಇಡುವ ಸಣ್ಣ ಡಬ್ಬ, ಮನಸ್ಸಿನಲ್ಲಿಟ್ಟುಕೊಂಡೇ ಹೋಗಿದ್ದೆ. "ಇನ್ನೊಂಚೂರು ಹಾಕಿದ್ರೆ ಟವರ್ ಬರುತ್ತೆ ಸರ್, ಒಂದ್ಸಲ ಕೇಳ್ಬಿಡಿ" ಅಂದರು. ಟವರ್ ಅಂದರೆ ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್.

ಮೊದಲು ಬುಕ್‌ಶೆಲ್ಫ್ ಹಾಕಿದರು. ಚೆನ್ನಾಗಿತ್ತು. ಆಮೇಲೆ ಟವರ್. ಅಬ್ಬಾ, ಬಾಸ್ ಎದೆಗೆ ಬಂದು ತಾಗುತ್ತಿತ್ತು! ಹಾಡು ಅವರದ್ದೇ ಅನ್ನಿ. ಒಂದು ಹೆಣ್ಣು ದನಿ, ಒಂದು ಗಿಟಾರ್, ಅಷ್ಟೇ. ಅಂಥ ಹಾಡು ಯಾವ ಸ್ಪೀಕರ್‌ನಲ್ಲಿ ಕೆಟ್ಟದಾಗಿ ಕೇಳುತ್ತೆ ಹೇಳಿ? ಭಾವಮೈದ ಪಕ್ಕದಲ್ಲಿ ನಿಂತು ವಿಡಿಯೊ ಮಾಡುತ್ತಿದ್ದ. ನಾನು ಅಲ್ಲೇ ಕಾರ್ಡ್ ಉಜ್ಜಿದೆ.

ಆ ವಿಡಿಯೊ ಆಮೇಲೆ ಮನೆಯಲ್ಲಿ ನೋಡಿದಾಗ ಮೈ ಉರಿದುಹೋಯಿತು. ಬುಕ್‌ಶೆಲ್ಫ್ ಹಾಡುವಾಗ ಡಿಸ್‌ಪ್ಲೇನಲ್ಲಿ ಮೈನಸ್ 38. ಟವರ್ ಹಾಡುವಾಗ ಮೈನಸ್ 34. ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಅಷ್ಟು ಸಾಲದು ಅಂತ, ಬುಕ್‌ಶೆಲ್ಫ್‌ನ ಸೆನ್ಸಿಟಿವಿಟಿ (ಅಷ್ಟೇ ವೋಲ್ಟೇಜ್ ಕೊಟ್ಟರೆ ಎಷ್ಟು ಜೋರು ಅನ್ನುವ ಲೆಕ್ಕ) 86 ಡಿಬಿ, ಟವರ್‌ದು 89. ಅಂದರೆ ವಾಲ್ಯೂಮ್ ಮುಟ್ಟದಿದ್ದರೂ ಟವರ್ 3 ಡಿಬಿ ಜೋರಾಗಿ ಕೇಳುತ್ತೆ. ಅದರ ಮೇಲೆ ಇವರು ಇನ್ನೂ 4 ಏರಿಸಿದ್ದಾರೆ! ಒಟ್ಟು 7 ಡಿಬಿ. ಒಂದೇ ಸ್ಪೀಕರನ್ನು ಬರೀ 1 ಡಿಬಿ ಏರಿಸಿ ಕೇಳಿಸಿದರೂ ಕಿವಿ "ಇದೇ ಚೆನ್ನಾಗಿದೆ" ಅನ್ನುತ್ತೆ. ಇದು ಆ ವ್ಯಾಪಾರದಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ನಾನು ಅಲ್ಲಿ ತಲೆಯಾಡಿಸುತ್ತಾ ಕೂತಿರುವುದೂ ವಿಡಿಯೊದಲ್ಲಿದೆ. ಭಾವಮೈದ ಇನ್ನೂ ಅದನ್ನು ಡಿಲೀಟ್ ಮಾಡಿಲ್ಲ.

ಮನೆಯಲ್ಲಿ ಏನಾಯಿತು? 12 ಅಡಿ ಉದ್ದದ ರೂಮು 47 ಹರ್ಟ್ಸ್ ಆಸುಪಾಸಿನ ಬಾಸ್ ಸದ್ದನ್ನು ತಾನೇ ಉಬ್ಬಿಸುತ್ತೆ. 10 ಅಡಿಯ ಕಡೆ 56. ಟವರ್ ಧಾರಾಳವಾಗಿ ಕೊಡುವುದೂ ಅದೇ ಸದ್ದನ್ನು. ಬಾಸ್ ಹೊರಬರುವ ತೂತು, ಅಂದರೆ ಪೋರ್ಟ್, ಬೇರೆ ಹಿಂದುಗಡೆ, ಅದರ ಹಿಂದೆಯೇ ಗೋಡೆ. ಮುಂದಕ್ಕೆ ಎಳೆದರೆ ಓಡಾಡಲು ಜಾಗ ಇಲ್ಲ. ಅಪ್ಪ ಹತ್ತು ನಿಮಿಷ ಕೇಳಿ, "ಏನೋ ಇದು, ವೀಣೆ ಇಲ್ಲಿ, ಮೃದಂಗ ಪಕ್ಕದ ಮನೇಲಾ?" ಅಂದರು.

ಅಂಗಡಿಗೆ ಮೆಸೇಜ್ ಮಾಡಿದೆ. ಉತ್ತರಗಳನ್ನು ಓದಿ.

"ಬರ್ನ್-ಇನ್ ಆಗ್ಬೇಕು ಸರ್, 100 ಗಂಟೆ ಓಡ್ಸಿ."

ಓಡಿಸಿದೆ. ರೂಮಿನ ಉದ್ದ ಬದಲಾಗಲಿಲ್ಲ.

"ಕೇಬಲ್ ಯಾವ್ದು ಹಾಕಿದೀರ? ನಮ್ಮತ್ರ ಒಂದಿದೆ."

ಸ್ವಲ್ಪ ಜೋರು ಮಾಡಿದರೆ ಆಂಪ್ಲಿಫೈಯರ್ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತಿದೆ ಅಂದೆ. "ನಿಮ್ಮ ಆಂಪ್ ಸಾಲಲ್ಲ ಸರ್. 150 ವಾಟ್‌ದು ಆಫರ್‌ನಲ್ಲಿದೆ." ಅಲ್ಲ, 40 ವಾಟ್ ಅಂತ ಹೇಳಿದಾಗ "89 ಡಿಬಿ ಸರ್, ಆರಾಮಾಗಿ ಓಡುತ್ತೆ" ಅಂದವರು ಇವರೇ! ಬ್ರೋಷರ್‌ನ ಸಣ್ಣ ಅಕ್ಷರ ನೋಡಿದರೆ ಆ 89 ಬರುವುದು 2.83 ವೋಲ್ಟ್‌ಗೆ, ಸ್ಪೀಕರ್ 4 ಓಮ್. 8 ಓಮ್ ಸ್ಪೀಕರ್‌ಗೆ ಅಷ್ಟು ವೋಲ್ಟ್ ಅಂದರೆ 1 ವಾಟ್. 4 ಓಮ್‌ಗೆ 2 ವಾಟ್. 1 ವಾಟ್‌ಗೆ ಲೆಕ್ಕ ಹಾಕಿದರೆ ಇದೂ 86ರದ್ದೇ. ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಹೆಚ್ಚು ಕರೆಂಟ್ ಎಳೆಯುತ್ತೆ. 8 ಓಮ್‌ಗೆ ಮಾಡಿದ ನಮ್ಮ ಹಳೇ ಆಂಪ್ಲಿಫೈಯರ್ ಪಾಪ ಏನು ಮಾಡುತ್ತೆ?

ಕೊನೆಗೆ ವಾಪಸ್ ತಗೊಳ್ಳಿ ಅಂದೆ. "ಬಾಕ್ಸ್ ಓಪನ್ ಆದ್ಮೇಲೆ ಆಗಲ್ಲ ಸರ್, ಬಿಲ್ ಹಿಂದೆ ಇದೆ." ವಿಡಿಯೊ ಕಳಿಸಿದೆ. ನೀಲಿ ಟಿಕ್ ಬಂತು. ಮಾರನೇ ದಿನ ಬಂದ ಉತ್ತರ: "ನಿಮಗೆ ಒಳ್ಳೆ ಸ್ಪೀಕರ್ ಕೇಳಿ ಅಭ್ಯಾಸ ಇಲ್ಲ ಸರ್, ಹೋಗ್ತಾ ಹೋಗ್ತಾ ಇಷ್ಟ ಆಗುತ್ತೆ." ದುಡ್ಡಿಗಿಂತ ಜಾಸ್ತಿ ಉರಿದಿದ್ದು ಈ ಮಾತಿಗೆ.

ಸಣ್ಣ ಡಬ್ಬ, ಆಳದ ಬಾಸ್, ಕಡಿಮೆ ವಾಟ್‌ಗೆ ಜೋರು ಸದ್ದು. ಮೂರೂ ಒಟ್ಟಿಗೆ ಸಿಗಲ್ಲ, ಒಂದನ್ನು ಬಿಡಲೇಬೇಕು. ಕೆಎಲ್‌ಎಚ್ ಅನ್ನುವ ಅಮೆರಿಕದ ಸ್ಪೀಕರ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಹಾಫ್‌ಮನ್ ಹೆಸರಿನಲ್ಲಿ ಇದನ್ನು ಕಬ್ಬಿಣದ ನಿಯಮ ಅಂತಲೇ ಕರೆಯುತ್ತಾರೆ. "ಎಲ್ಲಾ ಇದೆ ಸರ್ ಇದ್ರಲ್ಲಿ" ಅಂದ ಕೂಡಲೇ ಎದ್ದು ಬನ್ನಿ. ಸಣ್ಣ ರೂಮಾದರೆ ಬಿಡಬೇಕಾದ್ದು ಆಳದ ಬಾಸ್, ಅದು ಹೇಗೂ ಅಲ್ಲಿ ಗೊಂಯ್ ಅನ್ನುತ್ತೆ. ನಿಮ್ಮದೇ ಹಾಡು ಒಯ್ಯಿರಿ. ಮೊಬೈಲ್‌ನಲ್ಲಿ ಸೌಂಡ್ ಮೀಟರ್ ಆ್ಯಪ್ ಹಾಕಿಕೊಂಡು ಎರಡೂ ಸ್ಪೀಕರ್ ಒಂದೇ ಮಟ್ಟಕ್ಕೆ ತರಿಸಿ. ಮುಖ ಸಿಂಡರಿಸಿದರೆ ಸಿಂಡರಿಸಲಿ. ಮನೆಯಲ್ಲಿ ಕೇಳಿ ನೋಡಿ ವಾಪಸ್ ಕೊಡಬಹುದು ಅಂದರೆ ಬಿಲ್ ಮೇಲೆ ಬರೆಸಿಕೊಳ್ಳಿ.

1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. "ಗ್ರಾಹಕರು ಕೇಳಿ, ಒಪ್ಪಿಯೇ ಖರೀದಿಸಿದ್ದಾರೆ" ಅಂತ ಅಂಗಡಿಯವರ ಉತ್ತರ. ಸರಿ, ಮಾರಿಬಿಡೋಣ ಅಂತ ಸೆಕೆಂಡ್ ಹ್ಯಾಂಡ್ ಜಾಹೀರಾತು ಹಾಕಿದೆ. ಮೊದಲು ಬಂದ ಮೆಸೇಜ್ ಅವರದ್ದೇ. ಅರ್ಧ ರೇಟಿಗೆ ತಗೋತಾರಂತೆ. ಅದೂ ಆ 150 ವಾಟ್ ಆಂಪ್ಲಿಫೈಯರ್ ಕೊಂಡರೆ ಮಾತ್ರ.